ನಿಮ್ಮ ಮನೆಯ ಫೌಜಿ ಯಾವ ಪಲ್ಟನ್? ಲಾರಿ, ಲಂಗರ್ (ಅಡುಗೆಮನೆ), ಟಪಾಲು, ಹೇಸರಗತ್ತೆ ಎಲ್ಲ ಲೆಕ್ಕಕ್ಕೆ ಬರಲಿ

ಗೋಕಾಕ_ರಸ್ತೆ
ಎಲ್ಲರಿಗೂ ನಮಸ್ಕಾರ. ಈ ಚರ್ಚೆ ಶುರು ಮಾಡೋಕೆ ಒಂದು ಟ್ರಂಕ್ ಕಾರಣ.

ಹೋದ ವಾರ ನಮ್ಮ ಹಳೇ ಮನೆಯ ಅಟ್ಟ ಖಾಲಿ ಮಾಡಿದೆವು. ಜೋಳದ ಚೀಲಗಳ ಹಿಂದೆ ಅಜ್ಜನ ಟ್ರಂಕ್ ಸಿಕ್ಕಿತು. ಕಪ್ಪು ಬಣ್ಣ. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ಹೆಸರು. ಹೆಸರಿನ ಅರ್ಧ ಭಾಗ ತುಕ್ಕು ತಿಂದಿದೆ. ಕೆಳಗಿನ ಮೂರು ಅಕ್ಷರ ಮಾತ್ರ ನೆಟ್ಟಗೆ ಉಳಿದಿವೆ: ಎ, ಎಸ್, ಸಿ. ಆರ್ಮಿ ಸರ್ವಿಸ್ ಕೋರ್, ಸೈನ್ಯಕ್ಕೆ ರೇಷನ್, ಸಾಮಾನು ಸಾಗಿಸೋ ವಿಭಾಗ. ಅಜ್ಜ ಅಲ್ಲಿ ಲಾರಿ ಡ್ರೈವರ್ ಆಗಿದ್ದರು.

ನಮ್ಮ ಮನೆಯಲ್ಲಿ ಯಾವಾಗಲೂ ಒಂದೇ ಮಾತು: "ಅಜ್ಜ ಮಿಲ್ಟ್ರಿಯಲ್ಲಿದ್ದರು, ಆದರೆ ಲಡಾಯಿ ಮಾಡಿಲ್ಲ." ಅಜ್ಜ ಕೂಡ ಹಾಗೇ ಹೇಳುತ್ತಿದ್ದರು. ಊರ ಶಾಲೆಯಲ್ಲಿ ಆಗಸ್ಟ್ 15ಕ್ಕೆ ಮಾಜಿ ಸೈನಿಕರನ್ನು ಮುಂದೆ ಕರೆದರೆ ಇವರು ಹಿಂದೆ ನಿಲ್ಲುತ್ತಿದ್ದರು. 1971ರಲ್ಲಿ ಎಲ್ಲಿದ್ದಿರಿ ಅಂತ ಕೇಳಿದರೆ "ಮೇಘಾಲಯದ ಕಡೆ, ತುರಾ ಹತ್ತಿರ, ಶಕ್ತಿಮಾನ್ ಲಾರಿ ಓಡಿಸುತ್ತಿದ್ದೆ" ಅನ್ನೋರು, ಅಷ್ಟೇ. ನಾನು ಸಣ್ಣವನು. ಮುಂದೆ ಕೇಳಲಿಲ್ಲ. ಈಗ ಕೇಳೋಣ ಅಂದರೆ ಅವರಿಲ್ಲ.

ಬೆಳಗಾವಿಯವರಿಗೆ ಸೈನ್ಯ ಹೊಸದಲ್ಲ. ಕ್ಯಾಂಪಿನಲ್ಲಿ ಮರಾಠಾ ಲೈಟ್ ಇನ್ಫಂಟ್ರಿ ಸೆಂಟರ್ ಇದೆ. ಸಾಂಬ್ರಾದಲ್ಲಿ ಏರ್‌ಫೋರ್ಸಿನ ಹುಡುಗರು ತರಬೇತಿ ಪಡೆಯುತ್ತಾರೆ. 1945ರಲ್ಲಿ ಶುರುವಾದ ಮಿಲಿಟರಿ ಸ್ಕೂಲ್ ಇದೆ. ಬೆಳಗಿನ ಜಾವ ಬೂಟಿನ ಸದ್ದು ಕೇಳಿ ಎದ್ದ ಮನೆಗಳು ಎಷ್ಟೋ. ಆದರೆ ಪುಸ್ತಕ ತೆಗೆದರೆ, ಫಲಕ ಓದಿದರೆ, ಕಾಣೋದು ಬಂದೂಕು ಹಿಡಿದವರ ಇತಿಹಾಸ. ಅದು ಬೇಕೇ ಬೇಕು. ಆದರೆ ಅವರಿಗೆ ಗುಂಡು, ಹಿಟ್ಟು, ನೀರು, ಕಾಗದ ಮುಟ್ಟಿಸಿದವರ ಇತಿಹಾಸ ಎಲ್ಲಿದೆ? ಅದು ನಮ್ಮ ಅಟ್ಟದ ಮೇಲಿನ ಟ್ರಂಕುಗಳಲ್ಲಿದೆ ಅಂತ ನನಗೆ ಈಗ ಅನಿಸುತ್ತಿದೆ.

ನಿಮ್ಮ ಮನೆಯವರು ಯಾವ ಯೂನಿಟ್, ಯಾವ ಕೆಲಸ, ಯಾವ ವರ್ಷ, ಗೊತ್ತಿದ್ದಷ್ಟು ಬರೆಯಿರಿ. ದಯವಿಟ್ಟು ಖಾಸಗಿ ಹೆಸರು, ಸರ್ವಿಸ್ ನಂಬರ್ ಇಲ್ಲಿ ಹಾಕಬೇಡಿ.

ಹಳೆ_ಪಲ್ಟನ್
ಒಳ್ಳೆ ಕೆಲಸ ತಮ್ಮಾ. ನಾನು ಮರಾಠಾ ಲೈಟ್ ಇನ್ಫಂಟ್ರಿಯಲ್ಲಿ ಹವಾಲ್ದಾರನಾಗಿ ನಿವೃತ್ತಿಯಾದವನು. ಮೊದಲು ಶಬ್ದ ಸರಿ ಮಾಡಿಕೊಳ್ಳೋಣ. ಇಲ್ಲದಿದ್ದರೆ ಮುಂದೆ ಗೊಂದಲ ಆಗುತ್ತದೆ.

ಪಲ್ಟನ್ ಅಂದರೆ ನಮ್ಮ ಬಾಯಲ್ಲಿ ಬೆಟಾಲಿಯನ್. ಪ್ಲಟೂನ್ ಬೇರೆ. ಹತ್ತು ಜನರ ಸೆಕ್ಷನ್, ಮೂರು ಸೆಕ್ಷನ್ ಸೇರಿ ಪ್ಲಟೂನ್, ಮೂರು ಪ್ಲಟೂನ್ ಸೇರಿ ಕಂಪನಿ. ಒಂದು ಇನ್ಫಂಟ್ರಿ ಪಲ್ಟನ್‌ನಲ್ಲಿ ನಾಲ್ಕು ರೈಫಲ್ ಕಂಪನಿ ಇರುತ್ತವೆ. ಅವುಗಳ ಜೊತೆ ಒಂದು ಸಪೋರ್ಟ್ ಕಂಪನಿ, ಒಂದು ಹೆಡ್‌ಕ್ವಾರ್ಟರ್ ಕಂಪನಿ. ಅಂದರೆ ಕಾದಾಡೋ ಪಲ್ಟನ್‌ನ ಹೊಟ್ಟೆಯೊಳಗೇ ಸಪೋರ್ಟ್ ಇದೆ.

ನಾನು ಇದ್ದದ್ದು ಸಪೋರ್ಟ್ ಕಂಪನಿಯ ಮಾರ್ಟರ್ ಪ್ಲಟೂನ್. 81 ಮಿಲಿಮೀಟರ್ ಮಾರ್ಟರ್ ಬಿಚ್ಚಿದರೆ ಮೂರು ತುಂಡು: ನಳಿಕೆ, ಬೈಪಾಡ್, ಬೇಸ್ ಪ್ಲೇಟ್. ಒಬ್ಬೊಬ್ಬರಿಗೆ ಒಂದೊಂದು. ನನ್ನ ಪಾಲಿಗೆ ಬೇಸ್ ಪ್ಲೇಟ್. ಗುಡ್ಡ ಹತ್ತುವಾಗ ಅದರ ಅಂಚು ಸೊಂಟದ ಮೇಲೆ ಒಂದೇ ಜಾಗಕ್ಕೆ ತಾಗುತ್ತದೆ. ಹೆಜ್ಜೆ ಇಟ್ಟಾಗೊಮ್ಮೆ ಅಲ್ಲೇ. ಮೊದಲ ದಿನ ಕೆಂಪಾಗುತ್ತದೆ, ಮೂರನೇ ದಿನ ಸುಲಿಯುತ್ತದೆ, ಆಮೇಲೆ ಚರ್ಮವೇ ದಪ್ಪಗಾಗುತ್ತದೆ. ಇವತ್ತಿಗೂ ಅಲ್ಲಿ ಕೈ ಇಟ್ಟರೆ ನನಗೆ ಗೊತ್ತಾಗುತ್ತದೆ. ನಾವು ಹೊಡೆದದ್ದು ಎಲ್ಲಿ ಬಿತ್ತು ಅಂತ ನಮ್ಮ ಕಣ್ಣಿಗೆ ಕಾಣುತ್ತಿರಲಿಲ್ಲ. ಗುಡ್ಡದ ಆಚೆ ಇದ್ದವನು ರೇಡಿಯೋದಲ್ಲಿ ಹೇಳಬೇಕು. ನಾನು ಲಡಾಯಿ ಮಾಡಿದೆನೋ, ಸಪೋರ್ಟ್ ಮಾಡಿದೆನೋ? ಗೆರೆ ಎಲ್ಲಿ ಹಾಕುತ್ತೀರಿ?

ಕಿತ್ತೂರು_ನಾಡು
ಮರಾಠಾ ರೆಜಿಮೆಂಟಿನಲ್ಲಿ ಕಾಳಿ ಪಾಂಚವಿ ಅಂತ ಒಂದು ಪಲ್ಟನ್ ಇದೆ ಅಲ್ವಾ? ಕಾಳಿಕಾ ದೇವಿ ಹೆಸರು ಅಂತ ನಮ್ಮ ಮಾವ ಹೇಳುತ್ತಿದ್ದರು.

ಹಳೆ_ಪಲ್ಟನ್
ದೇವಿ ಹೆಸರಲ್ಲ. ಹಿಂದೆ ಅದು ಬಾಂಬೆ ಸೈನ್ಯದ 5ನೇ ಪಲ್ಟನ್. ಅವರ ಯೂನಿಫಾರ್ಮಿನ ಕಾಲರು, ತೋಳಿನ ಪಟ್ಟಿ ಕಪ್ಪು. ಅದಕ್ಕೇ ಕಾಳಿ ಪಾಂಚವಿ, ಕಪ್ಪು ಐದನೆಯದು. ಜಂಗಿ ಪಲ್ಟನ್, ಅಂದರೆ 1 ಮರಾಠಾ, 1768ರಲ್ಲಿ ಹುಟ್ಟಿತು. ಇದೂ ಹಳೇ ಪಲ್ಟನ್ನೇ.

1840ರಲ್ಲಿ ಇದೇ 5ನೇ ಪಲ್ಟನ್‌ನ ಸ್ವಲ್ಪ ಜನ ಈಗಿನ ಬಲೂಚಿಸ್ತಾನದ ಕಾಹನ್ ಕೋಟೆಯಲ್ಲಿ ಸಿಕ್ಕಿಬಿದ್ದರು. ಸುತ್ತ ಮರ್‍ರಿ ಬುಡಕಟ್ಟಿನವರು. ಐದು ತಿಂಗಳ ಹತ್ತಿರ ತಡೆದು ನಿಂತರು. ನಿಮ್ಮ ವಿಷಯಕ್ಕೆ ಸೇರೋ ಮಾತು ಇಲ್ಲಿದೆ. ಅವರಿಗೆ ರೇಷನ್ ತರುತ್ತಿದ್ದ ದಂಡು ನಫೂಸ್ಕ್ ಕಣಿವೆಯಲ್ಲಿ ಹೊಡೆತ ತಿಂದು ವಾಪಸ್ ಹೋಯಿತು. ಕೋಟೆ ಗಟ್ಟಿ ಇತ್ತು, ಜನ ಗಟ್ಟಿ ಇದ್ದರು. ಆದರೆ ಒಂಟೆ ಮೇಲಿನ ಹಿಟ್ಟು ಬರಲಿಲ್ಲ. ಕೊನೆಗೆ ಒಪ್ಪಂದ ಮಾಡಿಕೊಂಡು ಹತಾರ ಸಮೇತ ಹೊರಗೆ ಬಂದರು. ಆ ಧೈರ್ಯಕ್ಕೆ ಸಿಕ್ಕಿದ ಗೌರವವೇ "ಲೈಟ್ ಇನ್ಫಂಟ್ರಿ" ಅನ್ನೋ ಹೆಸರು. ಹಗುರ ಸಾಮಾನು ಹೊತ್ತು, ಚುರುಕಾಗಿ, ಮುಖ್ಯ ದಂಡಿಗಿಂತ ಮುಂದೆ ಹೋಗಿ ಕಾದೋರಿಗೆ ಆ ಕಾಲದಲ್ಲಿ ಹಾಗೆ ಕರೆಯುತ್ತಿದ್ದರು.

ರೆಕಾರ್ಡ್_ಬುಕ್
ನಾನು ಬಾಗಲಕೋಟೆಯವನು, ಹಳೇ ಸೈನ್ಯದ ದಾಖಲೆ ಓದೋ ಹುಚ್ಚು ಇದೆ. ಕಾಹನ್ ಮಾತು ಬಂದಿದ್ದರಿಂದ ಕುತ್ ಬಗ್ಗೆ ಹೇಳಲೇಬೇಕು. ನನ್ನ ಪ್ರಕಾರ "ಸಪ್ಲೈ ಇಲ್ಲದ ಪಲ್ಟನ್‌ಗೆ ಏನಾಗುತ್ತದೆ" ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ಇಲ್ಲ.

ಮೊದಲ ಮಹಾಯುದ್ಧ, ಈಗಿನ ಇರಾಕ್. ಟೈಗ್ರಿಸ್ ನದಿ ತಿರುವಿನಲ್ಲಿರೋ ಕುತ್-ಅಲ್-ಅಮಾರಾ ಪಟ್ಟಣ. 1915ರ ಡಿಸೆಂಬರಿನಲ್ಲಿ ತುರ್ಕರು 6ನೇ ಪೂನಾ ಡಿವಿಜನ್‌ಗೆ ಮುತ್ತಿಗೆ ಹಾಕಿದರು. ಒಳಗೆ 103, 110, 117ನೇ ಮರಾಠಾ ಪಲ್ಟನ್‌ಗಳಿದ್ದವು. 1916ರ ಏಪ್ರಿಲ್ 29ಕ್ಕೆ ಶರಣಾಗತಿ. ಹೆಚ್ಚುಕಡಿಮೆ ಐದು ತಿಂಗಳು.

ಸೋಲಿಸಿದ್ದು ಗುಂಡಲ್ಲ, ಹಸಿವು. ಫಿರಂಗಿ ಎಳೆಯೋ ಕುದುರೆ, ಸಾಮಾನು ಹೊರೋ ಹೇಸರಗತ್ತೆ ಕಡಿದು ತಿನ್ನೋ ಹಂತ ಬಂತು. ನಮ್ಮ ಸಿಪಾಯಿಗಳು ಬಹಳ ಜನ ಆ ಮಾಂಸ ಮುಟ್ಟಲು ಒಪ್ಪಲಿಲ್ಲ. ಊರಲ್ಲಿ ಜಾತಿಯವರು ಏನಂದಾರು ಅನ್ನೋ ಹೆದರಿಕೆ. ದಿನದ ಹಿಟ್ಟು ಕಡಿಮೆಯಾಗುತ್ತಾ ಹೋಯಿತು. ವಿಮಾನದಿಂದ ಚೀಲ ಬೀಳಿಸಿದರು. ಯುದ್ಧದಲ್ಲಿ ಆಕಾಶದಿಂದ ರೇಷನ್ ಹಾಕೋ ಪ್ರಯತ್ನ ನಡೆದದ್ದು ಅಲ್ಲೇ ಮೊದಲು. ಅದರಲ್ಲಿ ಕೆಲವು ನದಿ ಪಾಲಾದವು, ಕೆಲವು ತುರ್ಕರ ಪಾಲಾದವು. ಕೊನೆಗೆ ಜುಲ್ನಾರ್ ಅನ್ನೋ ಸ್ಟೀಮರಿನಲ್ಲಿ 270 ಟನ್ ಸಾಮಾನು ತುಂಬಿ ರಾತ್ರಿ ನುಗ್ಗಿಸಿದರು. ಅದೂ ದಾರಿಯಲ್ಲೇ ಸಿಕ್ಕಿಬಿತ್ತು. ಐದು ದಿನಕ್ಕೆ ಶರಣಾಗತಿ.

117ನೇ ಪಲ್ಟನ್‌ಗೆ ಆಮೇಲೆ "ರಾಯಲ್" ಬಿರುದು ಬಂತು. ಗೌರವ ದೊಡ್ಡದೇ. ಆದರೆ ಹೇಸರಗತ್ತೆ ಹೊಡೆಯುವವರು, ನೀರು ಹೊರುವ ಭಿಸ್ತಿಗಳು, ಡೋಲಿ ಹೊತ್ತವರು, ಕೂಲಿ ದಳದವರು? ಮೆಸೊಪಟೇಮಿಯಾಕ್ಕೆ ಇಂಥವರು ಸಾವಿರಾರು ಜನ ಹೋಗಿದ್ದರು. ಬಸ್ರಾ ಸ್ಮಾರಕದಲ್ಲಿ ಆಫೀಸರುಗಳ ಹೆಸರು ಕೆತ್ತಿ, ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ರೆಜಿಮೆಂಟಿನ ಹೆಸರಿನ ಕೆಳಗೆ ಬರೀ ಸಂಖ್ಯೆಯಾಗಿ ಹಾಕಿದರು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಈ ಭೇದವನ್ನು 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ಸಿಪಾಯಿಯೇ ಸಂಖ್ಯೆಯಾದ ಮೇಲೆ ಹೇಸರಗತ್ತೆ ಹೊಡೆಯುವವನ ಗತಿ ಏನು ಹೇಳಿ.

ಗುಮ್ಮಟದ_ಊರು
ವಿಜಯಪುರದಿಂದ. ನಮ್ಮಲ್ಲಿ 1963ರಿಂದ ಸೈನಿಕ ಶಾಲೆ ಇದೆ, ಅಲ್ಲಿ ಓದಿ ಆಫೀಸರ್ ಆದವರು ಬಹಳ ಜನ. ನಾನು ಹೇಳಬೇಕಾದ್ದು ಅದಲ್ಲ. ಮಲಿಕ್-ಎ-ಮೈದಾನ್ ತೋಪು ನೋಡಿದ್ದೀರಲ್ಲ? 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ 55 ಟನ್ ಅನ್ನುತ್ತಾರೆ. ಬಂದವರೆಲ್ಲ ಬಾಯಿ ಹತ್ತಿರ ನಿಂತು ಸಿಂಹದ ಮುಖ ನೋಡಿ ಫೋಟೋ ತೆಗೆಸಿಕೊಳ್ಳುತ್ತಾರೆ. ಇಷ್ಟು ಭಾರವನ್ನು ಇಲ್ಲಿಗೆ ಎಳೆದು ತಂದವರು ಯಾರು, ಎಷ್ಟು ಎತ್ತು, ಎಷ್ಟು ಹಗ್ಗ, ಬುರುಜಿನ ಮೇಲೆ ಹತ್ತಿಸಿದ್ದು ಹೇಗೆ ಅಂತ ಯಾರೂ ಕೇಳಲ್ಲ. ನಾನು ಪ್ರತಿ ಸಲ ಹಿಂದಿನ ಕಡೆ ಹೋಗಿ ಮದ್ದು ಹೊತ್ತಿಸೋ ತೂತು ನೋಡುತ್ತೇನೆ. ಅಲ್ಲಿ ಒಬ್ಬ ಮನುಷ್ಯ ನಿಂತಿದ್ದ.

ಕಿತ್ತೂರು_ನಾಡು
ಮದ್ದು ಅಂದ ಕೂಡಲೇ ನೆನಪಾಯಿತು. 1824ರ ಅಕ್ಟೋಬರ್ 23ಕ್ಕೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಬಿದ್ದ. ಕಿತ್ತೂರು ಗೆದ್ದಿತು. ಡಿಸೆಂಬರಿನಲ್ಲಿ ದೊಡ್ಡ ದಂಡು ಬಂದಾಗ ಸೋತಿತು. ಆಗ ಮದ್ದಿನಲ್ಲಿ ಸಗಣಿ ಬೆರೆಸಿದ್ದರು ಅಂತ ನಮ್ಮ ಕಡೆ ಇವತ್ತಿಗೂ ಹೇಳುತ್ತಾರೆ. ಲಾವಣಿ ಹಾಡೋರು ಅಲ್ಲಿಗೆ ಬಂದಾಗ ದನಿ ತಗ್ಗಿಸುತ್ತಾರೆ. ಸಣ್ಣವನಿದ್ದಾಗಿಂದ ಕೇಳಿದ್ದೇನೆ. ಚೆನ್ನಮ್ಮ, ರಾಯಣ್ಣ, ಬಾಳಪ್ಪ ಎಲ್ಲರ ಶೌರ್ಯ ಗೊತ್ತು. ಆದರೆ ಮದ್ದಿನ ಮನೆ ಕಾಯೋನು ನಿಯತ್ತಿನವನಾಗಿರಬೇಕು ಅನ್ನೋದು ಆ ಲಾವಣಿಯಿಂದ ನನಗೆ ತಿಳಿದದ್ದು.

ಸಂಕೇಶ್ವರ_ಸ್ಟ್ಯಾಂಡ್
ಎಲ್ಲರ ಮೇಲೂ ಗೌರವ ಇದೆ. ಆದರೆ ಒಂದು ಮಾತು. ಎದುರಿಗೆ ನಿಂತು ಗುಂಡು ತಿಂದವನಿಗೂ, ಹತ್ತು ಕಿಲೋಮೀಟರ್ ಹಿಂದೆ ಲಾರಿ ನಿಲ್ಲಿಸಿಕೊಂಡವನಿಗೂ ಒಂದೇ ಅಳತೆ ಹಾಕಬಾರದು. ನಮ್ಮ ಚಿಕ್ಕಪ್ಪ ರೈಫಲ್ ಕಂಪನಿಯಲ್ಲಿದ್ದು ಕಾಲು ಕಳೆದುಕೊಂಡರು. ಅವರ ಹೆಸರು ಮೊದಲು ಬರಬೇಕು. ಇದರಲ್ಲಿ ತಪ್ಪೇನಿದೆ?

ಹಳೆ_ಪಲ್ಟನ್
ತಪ್ಪಿಲ್ಲ. ನಿಮ್ಮ ಚಿಕ್ಕಪ್ಪನವರಿಗೆ ನನ್ನ ಸಲಾಂ ಹೇಳಿ. ಅವರ ಹೆಸರು ಮೊದಲೇ ಬರಲಿ.

ಆದರೆ ಅವರನ್ನೇ ಒಂದು ಪ್ರಶ್ನೆ ಕೇಳಿ. ಕಾಲಿಗೆ ಪೆಟ್ಟಾದ ಮೇಲೆ ಅಲ್ಲಿಂದ ಎತ್ತಿಕೊಂಡು ಬಂದವರು ಯಾರು ಅಂತ. ನಮ್ಮ ಪಲ್ಟನ್‌ಗಳಲ್ಲಿ ಬ್ಯಾಂಡ್ ಬಾರಿಸೋ ಹುಡುಗರಿಗೆ ಲಡಾಯಿ ಶುರುವಾದರೆ ಬೇರೆ ಕೆಲಸ. ಡ್ರಮ್ಮು, ತುತ್ತೂರಿ ಸ್ಟೋರಿಗೆ ಹೋಗುತ್ತವೆ. ಅವರ ಕೈಗೆ ಸ್ಟ್ರೆಚರ್ ಬರುತ್ತದೆ. ಗಾಯಾಳು ಹೊರೋರು ಅವರೇ. ಗುಂಡು ಬೀಳೋ ಜಾಗಕ್ಕೇ ಹೋಗಬೇಕು, ಎರಡೂ ಕೈ ಸ್ಟ್ರೆಚರಿನ ಹಿಡಿಕೆಯ ಮೇಲೆ. ಬಂದೂಕು ಎತ್ತೋಕೆ ಕೈ ಖಾಲಿ ಇರಲ್ಲ.

ಪರೇಡ್ ದಿನ ಕ್ಯಾಂಪಿನಲ್ಲಿ ಬ್ಯಾಂಡ್ ನೋಡಿ ಚಪ್ಪಾಳೆ ತಟ್ಟುವಾಗ ಇದನ್ನ ನೆನಪಿಡಿ.

ಸಂಕೇಶ್ವರ_ಸ್ಟ್ಯಾಂಡ್
ಈಗಲೇ ಫೋನ್ ಮಾಡಿ ಕೇಳಿದೆ. ಇಬ್ಬರು ಹೊತ್ತುಕೊಂಡು ಬಂದರಂತೆ. ಒಬ್ಬ ಪಲ್ಟನ್‌ನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವನಂತೆ. ಚಿಕ್ಕಪ್ಪ ಇದನ್ನ ನಮಗೆ ಯಾವತ್ತೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಅವರು ಹದಿನೈದು ನಿಮಿಷ ಆ ಹುಡುಗನ ಬಗ್ಗೆಯೇ ಮಾತಾಡಿದರು.

ಮುಧೋಳ_ಹೊಲ
ನಮ್ಮೂರಿನ ಫೌಜಿಗೆ ನಾಲ್ಕು ಕಾಲು. ಮುಧೋಳ ನಾಯಿ.

ಸೈನ್ಯದಲ್ಲಿ ನಾಯಿ, ಕುದುರೆ, ಹೇಸರಗತ್ತೆ ನೋಡಿಕೊಳ್ಳೋದಕ್ಕೆ ರಿಮೌಂಟ್ ವೆಟರ್ನರಿ ಕೋರ್ ಅಂತ ಇದೆ. ಅದರ ಸೆಂಟರ್ ಮೀರತ್‌ನಲ್ಲಿ. 1779ರಿಂದ ಅದರ ಇತಿಹಾಸ ಎಣಿಸುತ್ತಾರೆ. ಸೈನ್ಯದ ಕೆಲಸಕ್ಕೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ವಿದೇಶಿ ತಳಿಗಳೇ ಜಾಸ್ತಿ ಇದ್ದವು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ನಾಯಿ ಸಂಶೋಧನಾ ಕೇಂದ್ರ ಇದೆ. ಅಲ್ಲಿಂದ 2016ರಲ್ಲಿ ಮರಿಗಳು ಮೀರತ್‌ಗೆ ತರಬೇತಿಗೆ ಹೋದವು. ಆ ಸುದ್ದಿ ಬಂದ ದಿನ ನಮ್ಮ ಕಡೆ ಎಲ್ಲರ ಬಾಯಲ್ಲೂ ಅದೇ ಮಾತು.

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಈ ನಾಯಿ ಸಾಕಿದ್ದೇವೆ. ಇದು ಮೂಗಿಗಿಂತ ಕಣ್ಣನ್ನು ಜಾಸ್ತಿ ನಂಬುತ್ತದೆ. ಬಯಲಿನಲ್ಲಿ ಮೊಲ ಅಲ್ಲಾಡಿದರೆ ಸಾಕು, ಕತ್ತು ನೀಳ ಆಗುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ, ಆಮೇಲೆ ಧೂಳು ಮಾತ್ರ ಕಾಣುತ್ತದೆ. ಗದರಿಸಿದರೆ ಮುನಿಸಿಕೊಂಡು ಎರಡು ದಿನ ರೊಟ್ಟಿ ಮುಟ್ಟಲ್ಲ. ಹಾಗಾಗಿ ಇದಕ್ಕೆ ಕಲಿಸೋರು ಬಹಳ ತಾಳ್ಮೆಯ ಜನ ಇರಬೇಕು. ಸೈನ್ಯದಲ್ಲಿ ನಾಯಿ ಹಿಡಿದವನಿಗೂ ನಾಯಿಗೂ ಜೋಡಿ. ಇಂಥ ಜೋಡಿಗಳ ಹೆಸರೂ ನಿಮ್ಮ ಪಟ್ಟಿಯಲ್ಲಿ ಸೇರಲಿ.

ಹಿಂಡಲಗಾ_ಸೊಸೆ
ನಾನೊಬ್ಬಳು ಹೆಂಗಸು ಇಲ್ಲಿ ಬರೆಯಬಹುದು ಅಲ್ವಾ? ನಮ್ಮ ಮನೆಯವರು ಸಿಗ್ನಲ್ಸ್‌ನಲ್ಲಿದ್ದರು, ಸೈನ್ಯದ ರೇಡಿಯೋ, ಫೋನ್ ನೋಡೋ ವಿಭಾಗ. ಈಗ ನಿವೃತ್ತಿ.

ನಮಗೆ ಯುದ್ಧ ಅಂದರೆ ಅಂಚೆ. ವಿಳಾಸದಲ್ಲಿ ಊರೇ ಇರುತ್ತಿರಲಿಲ್ಲ. ನಂಬರ್, ಹೆಸರು, ಯೂನಿಟ್, ಕೇರ್ ಆಫ್ 56 ಎಪಿಓ (ಆರ್ಮಿ ಪೋಸ್ಟ್ ಆಫೀಸ್). ಅಷ್ಟೇ. ಕೆಲವು ವರ್ಷ 99 ಎಪಿಓ. 56 ಬಂದರೆ ದಿಲ್ಲಿ ಮೇಲೆ ಹೋಗಿ ಪಶ್ಚಿಮ, ಉತ್ತರದ ಕಡೆ. 99 ಬಂದರೆ ಕೋಲ್ಕತ್ತಾ ಮೇಲೆ ಈಶಾನ್ಯದ ಕಡೆ. ಗಂಡ ಎಲ್ಲಿದ್ದಾನೆ ಅಂತ ನಮಗೆ ಗೊತ್ತಾಗುತ್ತಿದ್ದದ್ದು ಈ ಎರಡು ಸಂಖ್ಯೆಯಿಂದ ಮಾತ್ರ. ಆರ್ಮಿ ಪೋಸ್ಟಲ್ ಸರ್ವಿಸ್ 1972ರ ಮಾರ್ಚ್ 1ಕ್ಕೆ ಸ್ವಂತ ಕೋರ್ ಆಯಿತು ಅಂತ ಮನೆಯವರು ಹೇಳುತ್ತಾರೆ.

2001ರ ಡಿಸೆಂಬರಿನಲ್ಲಿ ಪಾರ್ಲಿಮೆಂಟ್ ಮೇಲೆ ದಾಳಿ ಆಯಿತು. ಆಮೇಲೆ ಹತ್ತು ತಿಂಗಳು ಸೈನ್ಯ ಗಡಿಯಲ್ಲೇ ನಿಂತಿತು. ನನಗೆ ಮೊದಲ ಮಗು ಹೊಟ್ಟೆಯಲ್ಲಿ. ಅತ್ತೆ ಗೋಕಾಕದ ಕರದಂಟು ತರಿಸಿ ಡಬ್ಬಿಗೆ ತುಂಬಿದರು. ಬಿಳಿ ಅರಿವೆಯಲ್ಲಿ ಸುತ್ತಿ ನಾನೇ ದಪ್ಪ ದಾರದಲ್ಲಿ ಹೊಲಿದೆ. ಹೊಲಿಗೆಯ ಮೇಲೆ ಅರಗು. ವಿಳಾಸ ಬರೆದ ಶಾಯಿ ಅರಿವೆಯಲ್ಲಿ ಹರಡಿಕೊಂಡಿತು, 56 ಅನ್ನೋದು 58ರ ಹಾಗೆ ಕಂಡಿತು. ಮೇಲೆ ಇನ್ನೊಂದು ಸಲ ದಪ್ಪಗೆ ಬರೆದೆ. ಮುಟ್ಟುತ್ತದೋ ಇಲ್ಲವೋ ಅಂತ ರಾತ್ರಿ ನಿದ್ದೆ ಇಲ್ಲ.

ಮುಟ್ಟಿತು. ಮರುಭೂಮಿಯ ಯಾವುದೋ ಮೂಲೆಯಲ್ಲಿ, ಊರಿನ ಹೆಸರೇ ಇಲ್ಲದ ಜಾಗಕ್ಕೆ, ಯಾರೋ ಅದನ್ನ ಜೀಪಿನಲ್ಲಿ ಹೊತ್ತೊಯ್ದು ಕೊಟ್ಟರು. ಆ ಅರಿವೆಯನ್ನ ಮನೆಯವರು ವಾಪಸ್ ತಂದರು. ಇವತ್ತಿಗೂ ಕಪಾಟಿನಲ್ಲಿದೆ. ಅದನ್ನ ಮುಟ್ಟಿಸಿದವನು ಯಾರು ಅಂತ ಗೊತ್ತಿಲ್ಲ. ಅವನಿಗೆ ನಾನು ಋಣಿ.

ಗೋಕಾಕ_ರಸ್ತೆ
ಅಕ್ಕಾ, ನಿಮ್ಮ ಬರಹ ಓದಿ ನಮ್ಮಮ್ಮನಿಗೆ ಓದಿ ಹೇಳಿದೆ. ಅವರೂ ಅಜ್ಜನಿಗೆ ಹಾಗೇ ಡಬ್ಬಿ ಹೊಲಿಯುತ್ತಿದ್ದರಂತೆ.

ಈಗ ಒಂದು ಸಹಾಯ ಬೇಕು. ಅಜ್ಜನ ಯೂನಿಟ್ ಯಾವುದು, 1971ರಲ್ಲಿ ತುರಾದಲ್ಲಿ ಏನು ನಡೆಯಿತು, ತಿಳಿಯೋದು ಹೇಗೆ?

ರೆಕಾರ್ಡ್_ಬುಕ್
ಮೊದಲು ಡಿಸ್ಚಾರ್ಜ್ ಬುಕ್ ಹುಡುಕಿ. ಟ್ರಂಕಿನ ತಳದಲ್ಲಿ, ಪೇಪರ್ ಹಾಸಿನ ಕೆಳಗೆ ಇಟ್ಟಿರುತ್ತಾರೆ. ಸೇರಿದ ದಿನ, ಬಿಟ್ಟ ದಿನ, ಟ್ರೇಡ್, ಮೆಡಲ್ ಎಲ್ಲ ಅದರಲ್ಲಿರುತ್ತದೆ.

ಅದು ಇಲ್ಲದಿದ್ದರೆ ರೆಕಾರ್ಡ್ಸ್ ಆಫೀಸಿಗೆ ಬರೆಯಬೇಕು. ಕೋರ್ ಗೊತ್ತಿದ್ದರೆ ಊರು ಗೊತ್ತಾದಂತೆ. ಮರಾಠಾದವರದು ಇಲ್ಲೇ ಬೆಳಗಾವಿಯಲ್ಲಿ. ಎಎಸ್‌ಸಿ ದಕ್ಷಿಣ ವಿಭಾಗದ್ದು ಬೆಂಗಳೂರು. ಮದ್ರಾಸ್ ಸ್ಯಾಪರ್ಸ್ ಕೂಡ ಬೆಂಗಳೂರು. ತೋಪಖಾನೆಯವರದು ನಾಸಿಕ್ ರೋಡ್, ಸಿಗ್ನಲ್ಸ್ ಜಬಲ್‌ಪುರ, ಮೆಡಿಕಲ್ ಕೋರ್ ಲಖನೌ, ಗಾಡಿ-ಬಂದೂಕು ರಿಪೇರಿಯ ಇಎಂಇ ಸಿಕಂದರಾಬಾದ್. ಪತ್ರದಲ್ಲಿ ನಂಬರು, ಪೂರ್ತಿ ಹೆಸರು, ತಂದೆ ಹೆಸರು, ಊರು, ನಿಮಗೂ ಅವರಿಗೂ ಏನು ಸಂಬಂಧ ಅಂತ ಬರೆಯಿರಿ.

ಒಂದು ಎಚ್ಚರಿಕೆ. ಹೆಸರಿನ ಅಕ್ಷರ ಡಿಸ್ಚಾರ್ಜ್ ಬುಕ್ಕಿನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ನಮ್ಮ ತಂದೆಯ ಹೆಸರಿನಲ್ಲಿ ಯಾರೋ ಗುಮಾಸ್ತ ಒಂದು "ಪ್ಪ" ಬಿಟ್ಟಿದ್ದ. ಅದನ್ನ ಸರಿ ಮಾಡಿಸೋಕೆ ನಮ್ಮಮ್ಮ ಎರಡು ವರ್ಷ ಒಂದು ಕಚೇರಿಗೆ ಅಲೆದಳು. ಪ್ರತಿ ಸಲ ಬಸ್ ಚಾರ್ಜ್, ಪ್ರತಿ ಸಲ ಹೊಸ ಅಫಿಡವಿಟ್. ಪಿಂಚಣಿ ಅವಳ ಹಕ್ಕು. ಒಂದು ಅಕ್ಷರಕ್ಕೆ ಹಾಗೆ ಅಲೆಸಿದ್ದು ನನಗೆ ಇವತ್ತಿಗೂ ಸಂಕಟ.

ಹಳೆ_ಪಲ್ಟನ್
ತುರಾ ಅಂದಿರಿ. ಈಗ ನಾನು ಕುರ್ಚಿ ಹತ್ತಿರ ಎಳೆದುಕೊಂಡು ಬರೆಯುತ್ತಿದ್ದೇನೆ. ಇದು ನಮ್ಮ ಪಲ್ಟನ್‌ನ ಕಥೆ. ನಮ್ಮ ಮಾಮಾ ಅಲ್ಲಿದ್ದರು.

1971ರಲ್ಲಿ ತುರಾ ಕಡೆಯಿಂದ ಢಾಕಾಕ್ಕೆ ಹೊರಟದ್ದು 101 ಕಮ್ಯುನಿಕೇಷನ್ ಜೋನ್. ಹೆಸರು ಗಮನಿಸಿ. ಅದು ಕಾದಾಡೋ ಡಿವಿಜನ್ ಅಲ್ಲ. ಹಿಂದೆ ಕೂತು ರಸ್ತೆ, ಸಪ್ಲೈ, ಸಾಗಾಣಿಕೆ ನೋಡಿಕೊಳ್ಳೋಕೆ ಮಾಡಿದ ಹೆಡ್‌ಕ್ವಾರ್ಟರ್. ಅದಕ್ಕೇ 95ನೇ ಮೌಂಟನ್ ಬ್ರಿಗೇಡ್ ಕೊಟ್ಟು ಮುಂದೆ ನಡೆಯಿರಿ ಅಂದರು. ಅದರ ಜನರಲ್ ಗುರ್ಬಕ್ಷ್ ಸಿಂಗ್ ಗಿಲ್ ಮೈನ್ ಸಿಡಿದು ಗಾಯಗೊಂಡರು. ಅವರ ಜಾಗಕ್ಕೆ ಮೇಜರ್ ಜನರಲ್ ನಾಗ್ರಾ ಬಂದರು.

ಆ ಬ್ರಿಗೇಡಿನಲ್ಲಿ ನಮ್ಮ ಜಂಗಿ ಪಲ್ಟನ್, 1 ಮರಾಠಾ. ಕಮಾಂಡಿಂಗ್ ಆಫೀಸರ್ ಕರ್ನಲ್ ಬ್ರಾರ್. ಜಮಾಲ್‌ಪುರದಲ್ಲಿ 31 ಬಲೂಚ್ ಪಲ್ಟನ್ ಗಟ್ಟಿಯಾಗಿ ಕೂತಿತ್ತು. ನಮ್ಮವರು ನಾಡದೋಣಿಯಲ್ಲಿ ಬ್ರಹ್ಮಪುತ್ರ ದಾಟಿ, ಊರನ್ನ ಸುತ್ತುಹಾಕಿ, ದಕ್ಷಿಣದಲ್ಲಿ ಢಾಕಾ ರಸ್ತೆಗೆ ಅಡ್ಡ ಕೂತರು. ಡಿಸೆಂಬರ್ 9ಕ್ಕೆ ಶರಣಾಗಿ ಅಂತ ನಮ್ಮ ಬ್ರಿಗೇಡಿಯರ್ ಕ್ಲೇರ್ ಪತ್ರ ಕಳಿಸಿದರೆ, ಆ ಕಡೆಯ ಕರ್ನಲ್ ಸುಲ್ತಾನ್ ಉತ್ತರದ ಕಾಗದದಲ್ಲಿ ಒಂದು ಗುಂಡು ಸುತ್ತಿ ಕಳಿಸಿದ. ಮರುದಿನ ರಾತ್ರಿ ಅವರು ಹೊರಗೆ ನುಗ್ಗಿದರು. ಜಂಗಿ ಪಲ್ಟನ್ ತಡೆಯಿತು. ಬೆಳಗಾಗುವುದರಲ್ಲಿ ಜಮಾಲ್‌ಪುರ ಬಿತ್ತು.

ಮಾಮಾ ಆ ರಾತ್ರಿಯ ಬಗ್ಗೆ ಒಂದೇ ಮಾತು ಹೇಳುತ್ತಿದ್ದರು: "ಗುಂಡು ಮುಗಿಯುತ್ತದೆ ಅನ್ನೋ ಹೆದರಿಕೆ ಇತ್ತು, ಸಾಯುತ್ತೇನೆ ಅನ್ನೋದು ಆಮೇಲೆ." ಆ ಗುಂಡು ತುರಾದಿಂದ ಗಡಿಯವರೆಗೆ ಬಂದದ್ದು ಲಾರಿಯಲ್ಲಿ. ಬೆಟ್ಟದ ರಸ್ತೆ, ಕಚ್ಚಾ ದಾರಿ, ರಾತ್ರಿ ದೀಪ ಹಾಕೋ ಹಾಗಿಲ್ಲ. ಮುಂದೆ ನದಿ. ಅಲ್ಲಿಂದ ಹಳ್ಳಿಯವರ ದೋಣಿ, ಎತ್ತಿನ ಗಾಡಿ, ತಲೆ ಹೊರೆ.

ತಮ್ಮಾ, ನಿಮ್ಮ ಅಜ್ಜ ಶಕ್ತಿಮಾನ್ ಓಡಿಸುತ್ತಿದ್ದದ್ದು ಆ ರಸ್ತೆಯಲ್ಲೇ ಇರಬಹುದು.

ಕಿತ್ತೂರು_ನಾಡು
ಟಾಂಗಾಯಿಲ್‌ನಲ್ಲಿ ಪ್ಯಾರಾಶೂಟಿನಲ್ಲಿ ಇಳಿದದ್ದೂ ಜಂಗಿ ಪಲ್ಟನ್ನೇ ಅಲ್ವಾ?

ರೆಕಾರ್ಡ್_ಬುಕ್
ಅಲ್ಲ, ಅದು 2 ಪ್ಯಾರಾ. ಆದರೆ ನಿಮ್ಮ ಗೊಂದಲಕ್ಕೆ ಕಾರಣ ಇದೆ. ಕುತ್ ಮುತ್ತಿಗೆಯಲ್ಲಿದ್ದ 110ನೇ ಪಲ್ಟನ್ ಹೇಳಿದೆನಲ್ಲ? 1922ರಲ್ಲಿ ಸೈನ್ಯವನ್ನ ಹೊಸದಾಗಿ ಜೋಡಿಸಿದಾಗ ಅದು ಮರಾಠಾ ರೆಜಿಮೆಂಟಿನ 3ನೇ ಬೆಟಾಲಿಯನ್ ಆಯಿತು. 1944ರ ಜುಲೈ 10ಕ್ಕೆ ಇಟಲಿಯಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ನಾಯಕ್ ಯಶವಂತ ಘಾಡಗೆ ಇದೇ ಪಲ್ಟನ್‌ನವರು. ಆಮೇಲೆ ಅದಕ್ಕೆ ಪ್ಯಾರಾಶೂಟ್ ಕಲಿಸಿದರು. 1952ರಲ್ಲಿ 2 ಪ್ಯಾರಾ ಅಂತ ಹೆಸರಾಯಿತು. 1961ರಲ್ಲಿ ಗೋವಾ ಬಿಡುಗಡೆಗೆ ದಂಡು ಸೇರಿದ್ದು ನಮ್ಮ ಬೆಳಗಾವಿಯಲ್ಲೇ. ಆಗ ಬಂದ 50 ಪ್ಯಾರಾ ಬ್ರಿಗೇಡಿನಲ್ಲೂ ಇದು ಇತ್ತು.

1971ರ ಡಿಸೆಂಬರ್ 11ಕ್ಕೆ 2 ಪ್ಯಾರಾ ಟಾಂಗಾಯಿಲ್‌ನಲ್ಲಿ ಇಳಿದು ಪೂಂಗ್ಲಿ ಸೇತುವೆ ಹಿಡಿಯಿತು. ಉತ್ತರದಿಂದ ನಡೆದು ಬಂದು ಅವರನ್ನ ಸೇರಿದ್ದು ಜಂಗಿ ಪಲ್ಟನ್. ಒಂದೇ ತಾಯಿಯ ಎರಡು ಪಲ್ಟನ್ ಅಲ್ಲಿ ಸೇತುವೆ ಮೇಲೆ ಕೂಡಿದವು. ಇದನ್ನ ಬರೆಯುವಾಗ ಈಗಲೂ ನನ್ನ ಮೈ ಜುಮ್ ಅನ್ನುತ್ತದೆ.

ಹಳೆ_ಪಲ್ಟನ್
ಸರಿಯಾಗಿ ಹೇಳಿದಿರಿ. 1922ರ ಮಾತು ಬಂದಿದ್ದಕ್ಕೆ ಇನ್ನೊಂದು. 114ನೇ ಪಲ್ಟನ್ 1918ರಲ್ಲಿ ಶರ್ಕಾತ್ ಎಂಬಲ್ಲಿ ಒಂದೇ ಕಾದಾಟದಲ್ಲಿ 28 ಶೌರ್ಯ ಪದಕ ಗಳಿಸಿತ್ತು. 1922ರಲ್ಲಿ ಅದಕ್ಕೆ ಕೊಟ್ಟ ಕೆಲಸ ಏನು ಗೊತ್ತಾ? ಬೆಳಗಾವಿಯಲ್ಲಿ ಕೂತು ಹೊಸ ಹುಡುಗರಿಗೆ ಕಲಿಸೋದು. ಟ್ರೇನಿಂಗ್ ಬೆಟಾಲಿಯನ್. ಇವತ್ತಿನ ನಮ್ಮ ಸೆಂಟರಿನ ಬೇರು ಅದೇ. ಅಷ್ಟು ಕಾದಿದ ಪಲ್ಟನ್ ಆಮೇಲೆ ಸಪೋರ್ಟ್ ಕೆಲಸಕ್ಕೆ ನಿಂತಿತು.

ಗೋಕಾಕ_ರಸ್ತೆ
ನಾಲ್ಕು ದಿನ ಬರೆಯಲಿಲ್ಲ, ಕ್ಷಮಿಸಿ. ಡಿಸ್ಚಾರ್ಜ್ ಬುಕ್ ಸಿಕ್ಕಿತು. ರೆಕಾರ್ಡ್_ಬುಕ್ ಹೇಳಿದ ಹಾಗೆ ಪೇಪರ್ ಹಾಸಿನ ಕೆಳಗೇ ಇತ್ತು. ಮೇಲೆ ಹಾಸಿದ್ದು ಹಳೇ ಕನ್ನಡ ಪತ್ರಿಕೆ. ಬುಕ್ಕಿನ ಅಂಚು ಗೆದ್ದಲು ತಿಂದಿದೆ, ಒಳಗಿನ ಬರಹ ಚೆನ್ನಾಗಿದೆ. ಟ್ರೇಡ್: ಡ್ರೈವರ್ ಎಂಟಿ, ಅಂದರೆ ಮೋಟಾರು ಗಾಡಿ ಚಾಲಕ. ಮೆಡಲ್‌ಗಳ ಸಾಲಿನಲ್ಲಿ ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್.

ಅದರ ಜೊತೆಗೇ ಒಂದು ಸಣ್ಣ ಬಟ್ಟೆ ಗಂಟು. ಒಳಗೆ ಸಂಗ್ರಾಮ್ ಮೆಡಲ್ ಇತ್ತು, ರಿಬ್ಬನ್ ಪೂರ್ತಿ ಬಣ್ಣ ಹೋಗಿದೆ. ಬೆಳಕಿಗೆ ಹಿಡಿದು ತಿರುಗಿಸಿದಾಗ ಅಂಚಿನ ಮೇಲೆ ಸಣ್ಣ ಅಕ್ಷರ ಕಂಡವು. ನಂಬರು, ಹೆಸರು, ಕೊನೆಗೆ ಎಎಸ್‌ಸಿ. ಟ್ರಂಕಿನ ಮೇಲೆ ತುಕ್ಕು ತಿಂದ ಹೆಸರು ಇಲ್ಲಿ ಪೂರ್ತಿ ಇದೆ. ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದರು. ಎರಡು ಸಲ ಓದಿದರು.

ಹಳೆ_ಪಲ್ಟನ್ ಅವರೇ, ನಿಮ್ಮ ಮಾಮಾ ಅವರಿಗೆ 71ಕ್ಕೆ ಏನು ಸಿಕ್ಕಿತ್ತು?

ಹಳೆ_ಪಲ್ಟನ್
ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್. ಅವೇ ಎರಡು.

ಫೆಬ್ರವರಿ 4 ನಮ್ಮ ಮರಾಠಾ ದಿನ, ತಾನಾಜಿ ಕೊಂಡಾಣ ಗೆದ್ದ ದಿನ. ಆವತ್ತು ನಿಮ್ಮ ಅಪ್ಪನನ್ನ ಕರೆದುಕೊಂಡು ಬೆಳಗಾವಿಗೆ ಬನ್ನಿ. ಬೆಳಿಗ್ಗೆ ಮಿಲಿಟರಿ ಮಹಾದೇವ ಗುಡಿ ಹತ್ತಿರ ಸಿಗೋಣ. ಮಾಮಾ ಅವರ ಮೆಡಲ್ ನಾನೂ ತರುತ್ತೇನೆ. ಎರಡನ್ನೂ ಒಂದೇ ಕಡೆ ಇಟ್ಟು ನೋಡೋಣ. ಬರೋದರೊಳಗೆ ಮೆಡಲ್‌ಗೆ ಬ್ರಾಸೊ ಪಾಲಿಶ್ ಹಾಕಿ ತಿಕ್ಕಬೇಡಿ, ಅಂಚಿನ ಅಕ್ಷರ ಸವೆದು ಹೋಗುತ್ತದೆ. ಒಣ ಮೆತ್ತನೆ ಬಟ್ಟೆ ಸಾಕು.